ಜಾಗ ಬಿಡದ ಬಂಡೆ

ಮಣ್ಣಿನಡಿ ಹುದುಗಿದ್ದ ಬಂಡೆಯೊಂದಕ್ಕೆ ತಾನು ಹುಟ್ಟಿದಲ್ಲೇ ಇದ್ದೇನೆಂಬ ಹೆಮ್ಮೆ ಬಹಳ. ಹೊಳೆಯ ಕಲ್ಲುಗಳು ಉರುಳಿ ಉರುಳಿ ಸವೆದುಹೋದವು. ತನ್ನ ಮೈಯ ಕರಿಪಟ್ಟೆ, ಬಿಳಿಪಟ್ಟೆಗಳು ಮಾತ್ರ ಒಂದಿಷ್ಟೂ ಕದಲಲಿಲ್ಲ ಎಂದುಕೊಂಡು ಅದು ನೆಮ್ಮದಿಯಿಂದಿತ್ತು.

ಒಂದು ಬೇಸಿಗೆಯಲ್ಲಿ ಎರೆಹುಳುವೊಂದು ಕೇಳಿತು: "ಅಜ್ಜಾ, ಮೇಲ್ಮಣ್ಣು ಸುಡುತ್ತಿದೆ. ನನ್ನ ಮರಿಗಳಿಗೆ ನಿನ್ನೊಳಗೆ ತಂಪು ಜಾಗ ಕೊಡುವೆಯಾ?"

"ಮಳೆಗೇ ಜಗ್ಗದವನು ಹುಳುವಿಗೆ ಜಾಗ ಬಿಡುತ್ತೇನೆಯೇ? ಹೊರಗೇ ಇರು."

"ಹೊರಗೆಲ್ಲಿದ್ದೇನೆ? ನಿನ್ನ ನಡುಹೊಟ್ಟೆಯಿಂದಲೇ ಮಾತಾಡುತ್ತಿದ್ದೇನೆ. ಕರಿಪಟ್ಟೆ ಮೆತ್ತಗಿತ್ತು, ಕೊರೆದು ದಾಟಿದೆ. ಬಿಳಿಪಟ್ಟೆ ಬಗ್ಗಲಿಲ್ಲ, ಸುತ್ತಿಕೊಂಡು ಬಂದೆ. ಮನೆಯ ಯಜಮಾನನನ್ನು ಕೇಳುವುದು ಮರ್ಯಾದೆಯಲ್ಲವೇ, ಅದಕ್ಕೇ ಕೇಳಿದೆ."

ಬಂಡೆ ಗಾಬರಿಯಿಂದ ತನ್ನೊಳಗನ್ನು ತಾನೇ ತಡವಿಕೊಂಡಿತು. ಪಟ್ಟೆಗಳೆಲ್ಲ ಇದ್ದಲ್ಲೇ ಇದ್ದವು. ಆದರೆ ಬಿಳಿಯದೊಂದನ್ನು ಬಿಟ್ಟು ಉಳಿದದ್ದೆಲ್ಲ ಜೇಡಿಮಣ್ಣಾಗಿತ್ತು.

"ಇದನ್ನು ಯಾರು ಮಾಡಿದರು?"

"ಮಳೆನೀರು. ಅದು ನಿನ್ನನ್ನು ಬಡಿಯಲಿಲ್ಲ, ಉರುಳಿಸಲಿಲ್ಲ. ಬಿರುಕಿಗಿಳಿದು ಕೂತು, ವರ್ಷವರ್ಷವೂ ಚೂರುಚೂರೇ ಕೇಳಿತು. ನೀನು ಕರಗಿಸಿ ಕೊಡುತ್ತಲೇ ಬಂದೆ."

ಬಂಡೆ ತನ್ನ ಬಿಳಿಪಟ್ಟೆಯನ್ನು ಇನ್ನೊಮ್ಮೆ ತಡವಿ ನೋಡಿಕೊಂಡಿತು.

"ಮರಿಗಳನ್ನು ಕರೆದುಕೊಂಡು ಬಾ," ಎಂದಿತು ಕೊನೆಗೆ. "ಬಿಳಿಪಟ್ಟೆಯ ಹತ್ತಿರ ಮಾತ್ರ ಹುಷಾರು. ಅಲ್ಲಿ ನಾನಿನ್ನೂ ಕಲ್ಲು."