ಅರಿಶಿನ ಹಚ್ಚಿದ ನೋಟ್‌ಬುಕ್ಕು

ಘಟಪ್ರಭೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮ ಅಂದರೆ ಭಾರಿ ಏನಲ್ಲ. ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲೊಂದು ಬೇವಿನ ಮರ.

ಅಲ್ಲಿ ನೀಲಾಂಬಿಕೆ ತಾಯಿ ಎಂಬ ವಯಸ್ಸಾದ ಗುರುಗಳಿದ್ದರು. ಸುತ್ತಲಿನ ಊರಿನವರೆಲ್ಲ ಅವರನ್ನು ಅವ್ವಾರು ಎಂದೇ ಕರೆಯುತ್ತಿದ್ದರು.

ಅವ್ವಾರಿಗೆ ದಣಿವಾಗಿತ್ತು. ಅದು ಒಂದು ರಾತ್ರಿ ಮಲಗಿದರೆ ಹೋಗುವ ದಣಿವಲ್ಲ, ವರ್ಷಗಟ್ಟಲೆ ಮಾತಾಡಿ ಮಾತಾಡಿ ಬಂದ ದಣಿವು. ಗಂಟಲು ಕಟ್ಟಿತ್ತು. ಡಾಕ್ಟರು ನೋಡಿ, "ಈ ಧ್ವನಿ ಇನ್ನ ಬಾಳ ದಿನ ನಡಿಯಂಗಿಲ್ಲರಿ. ಇದ್ದಷ್ಟು ನೋಡ್ಕೊಂಡು ಬಳಸ್ರಿ" ಎಂದಿದ್ದರು.

ಅವ್ವಾರು ಆ ಮಾತಿಗೆ ತಲೆದೂಗಿ ಎದ್ದು ಬಂದರು. ಹೆದರಿದವನು ಅವರ ಶಿಷ್ಯ ಸಂಗಮನಾಥ.

ಸಂಗಮನಾಥ ಮೊದಲು ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದವನು. ನೌಕರಿ ಬಿಟ್ಟು ಅವ್ವಾರ ಹತ್ತಿರ ಬಂದು ನಿಂತಿದ್ದ. ಅವ್ವಾರ ಮಾತು ಒಂದು ಪುಸ್ತಕದಲ್ಲಿ ಉಳಿಯಬೇಕು ಎಂಬುದೊಂದೇ ಅವನ ಆಸೆ. ಈ ಧ್ವನಿ ನಿಂತ ಮೇಲೆ ತಾನು ಏನನ್ನು ಹಿಡಿದುಕೊಂಡು ಬದುಕಬೇಕು ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ.

ಹಾಗಿದ್ದರೆ ಬರೆದಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ತೊಡಕು ಇದ್ದದ್ದೇ ಅಲ್ಲಿ.

ಸಂಗಮನಾಥನಿಗೆ ನೋಟ್‌ಬುಕ್ಕಿನ ಹುಚ್ಚು. ಪೇಟೆಗೆ ಎಣ್ಣೆ ತರಲು ಹೋದರೆ ಎಣ್ಣೆ ಮರೆತು ನೋಟ್‌ಬುಕ್ಕು ತರುವನು. ಗಿಡ್ಡನೆಯದು, ಉದ್ದನೆಯದು, ಗೆರೆ ಹಾಕಿದ್ದು, ಗೆರೆ ಇಲ್ಲದ್ದು, ದಪ್ಪ ರಟ್ಟಿನದು, ಜೇಬಿಗೆ ಹಿಡಿಸುವಂಥದ್ದು. ತಂದ ಕೂಡಲೇ ಮೂಗಿಗೆ ಹಿಡಿದು ವಾಸನೆ ನೋಡುವನು. ಹಾಳೆಯ ಮೇಲೆ ಬೆರಳಾಡಿಸಿ ಕಣ್ಣು ಮುಚ್ಚುವನು.

ಆಮೇಲೆ ನಾಲ್ಕು ಮೂಲೆಗೂ ಅರಿಶಿನ ಹಚ್ಚುವನು. ಮೊದಲ ಹಾಳೆಯ ಮೇಲ್ಗಡೆ ಚೆಂದಾಗಿ 'ಶ್ರೀ' ಎಂದು ಬರೆಯುವನು.

ಅಲ್ಲಿಗೆ ಮುಗಿಯಿತು. ನೋಟ್‌ಬುಕ್ಕು ಮುಚ್ಚಿ ಗೂಡಿಗೆ ಸೇರುತ್ತಿತ್ತು.

ಅವನ ಮನೆಯಲ್ಲಿ ಒಂದು ಪದ್ಧತಿ. ಶ್ರೀಕಾರದ ಕೆಳಗೆ ಬರುವ ಮೊದಲ ಮಾತು ದೊಡ್ಡವರ ಬಾಯಿಂದ ಬಂದ ದೊಡ್ಡ ಮಾತಾಗಿರಬೇಕು. ಅಲ್ಲಿ ಹಗುರ ಮಾತು ಬಿದ್ದರೆ ಪುಸ್ತಕವೆಲ್ಲ ಹಗುರಾಗುತ್ತದೆ ಎಂದು ಅವನ ತಾಯಿ ಹೇಳಿಕೊಟ್ಟಿದ್ದಳು. ತಕ್ಕ ಮಾತಿಗೆ ಸಂಗಮನಾಥ ಕಾಯುತ್ತಿದ್ದ. ಅದು ಸಿಗುವುದರೊಳಗೆ ಮತ್ತೊಂದು ನೋಟ್‌ಬುಕ್ಕು ಕಣ್ಣಿಗೆ ಬೀಳುತ್ತಿತ್ತು.

ಒಂದು ದಿನ ಅವ್ವಾರು, "ಸಂಗಣ್ಣಾ, ಧ್ವನಿ ಇರೂತನಕ ಹೊಳಿದಂಡಿ ಊರಿನ ಮಂದೀನ್ನ ಒಮ್ಮೆ ಮಾತಾಡಿಸಿ ಬರೂಣು" ಎಂದರು.

ಸಂಗಮನಾಥ ಕೂಡಲೇ ಚೀಲ ತುಂಬಿದ. ಹೊರಡುವಾಗ ಅವ್ವಾರು ಆ ಚೀಲವನ್ನು ಎತ್ತಿ ನೋಡಿದರು. ಏಳಲಿಲ್ಲ.

"ಏನು ತುಂಬೀಯೋ ಇದರಾಗ?"

"ನೋಟ್‌ಬುಕ್ಕರಿ ಅವ್ವಾರ. ನಿಮ್ಮ ಮಾತು ಬರಕೊಳ್ಳಾಕ."

"ನಾನು ಅಷ್ಟು ಮಾತಾಡಿದರ ಅರ್ಧ ದಾರ್‍ಯಾಗ ಸಾಯ್ತೀನಿ. ಒಂದು ತಗೋ."

"ಯಾವುದು ತಗೊಳ್ಳಲಿರಿ?"

ಅವ್ವಾರು ಕಟ್ಟೆಯ ಮೇಲೆ ಕುಳಿತರು. ಸಂಗಮನಾಥ ಒಂದನ್ನು ಒಳಗಿಟ್ಟು ಇನ್ನೊಂದನ್ನು ತೆಗೆದ. ತೆಗೆದದ್ದನ್ನು ಮತ್ತೆ ಒಳಗಿಟ್ಟ. ಬೆಳಗಿನ ಬಸ್ಸು ಹೋಯಿತು.

"ಇವೆಲ್ಲಾ ಇಲ್ಲೇ ಇರಲಿ," ಎಂದರು ಅವ್ವಾರು ಕೊನೆಗೆ. "ಪ್ಯಾಟ್ಯಾಗ ಇಳದು ಹೊಸಾದು ತಗೋಳೂಣು. ನಾನೂ ನೋಡ್ತೀನಿ."

ಬಸ್‌ಸ್ಟ್ಯಾಂಡಿನ ಎದುರು ಮಲ್ಲೇಶಪ್ಪನ ಅಂಗಡಿ. ಅವ್ವಾರು ಬಂದದ್ದು ಕಂಡು ಅವನು ಬೆಂಚು ಒರೆಸಿ ಕೂರಿಸಿದ.

ಸಂಗಮನಾಥನ ಕಣ್ಣು ಆಗಲೇ ಮೇಲಿನ ಸಾಲಿಗೆ ಹೋಗಿತ್ತು. ಕೆಂಪು ರಟ್ಟಿನ ದಪ್ಪ ನೋಟ್‌ಬುಕ್ಕು, ನಡುವೆ ರೇಶಿಮೆ ದಾರ. ಅವ್ವಾರು ಅದನ್ನು ಇಸಿದುಕೊಂಡು ನಡುವೆ ತೆರೆದು ಬೆಂಚಿನ ಮೇಲಿಟ್ಟರು. ಅದು ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡಿತು.

"ಇದಕ್ಕ ಮಾತು ಬ್ಯಾಡಾಗೇತಿ," ಎಂದರು. "ಒಂದು ಕೈ ಇದನ್ನ ಹಿಡಿಯಾಕ ಬೇಕು. ಬಸ್ಸಿನ್ಯಾಗ ಹೆಂಗ ಬರೀತಿ?"

ಇನ್ನೊಂದರ ಹಾಳೆ ನುಣುಪಾಗಿ ಮಿಂಚುತ್ತಿತ್ತು. ಅವ್ವಾರು ಒಂದು ಗೆರೆ ಎಳೆದು ಬೆರಳಿನಿಂದ ಒರೆಸಿದರು. ಮಸಿ ಬೆರಳಿಗೆ ಬಂತು. ಮತ್ತೊಂದರಲ್ಲಿ ಗೆರೆ ಎಳೆದು ಹಾಳೆ ತಿರುವಿದರು. ಮಸಿ ಹಿಂದಕ್ಕೆ ಇಳಿದಿತ್ತು.

"ಒಂದೇ ಮಗ್ಗಲಾ ಬರಿಯೂದಾತು. ಅರ್ಧಾ ಪುಸ್ತಕ ದಂಡ."

ಮಲ್ಲೇಶಪ್ಪ ಒಳಗಿನಿಂದ ಇನ್ನೊಂದು ತಂದ. ದಾರದಿಂದ ಹೊಲಿದದ್ದು, ಮೆತ್ತನೆಯ ಬೂದು ಹೊದಿಕೆ, ಅಂಗೈಗಿಂತ ಸ್ವಲ್ಪ ದೊಡ್ಡದು. ಅವ್ವಾರು ಅದನ್ನು ಬೆಂಚಿನ ಮೇಲೆ ತೆರೆದಿಟ್ಟರು. ತೆರೆದೇ ಇತ್ತು. ಗೆರೆ ಎಳೆದರು. ಮಸಿ ಅಲ್ಲೇ ನಿಂತಿತು. ಆಮೇಲೆ ಅದನ್ನು ಮುಚ್ಚಿ, ಕೆಳಗಿಟ್ಟು, ಅದರ ಮೇಲೆ ಕುಳಿತುಬಿಟ್ಟರು.

"ಅವ್ವಾರ!" ಎಂದ ಸಂಗಮನಾಥ.

"ಹಾದ್ಯಾಗ ಯಾರರ ಕುಂಡರವರ ಇದರ ಮ್ಯಾಲ," ಎಂದು ಅವ್ವಾರು ಎದ್ದು ನೋಡಿದರು. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

ಸಂಗಮನಾಥನ ಕೈಗೆ ಕೊಡುವ ಮೊದಲು ಮೂಗಿನ ಹತ್ತಿರ ಹಿಡಿದು ಒಮ್ಮೆ ಉಸಿರೆಳೆದುಕೊಂಡರು. ಆ ದಿನ ಅವರ ಮುಖ ಗೆಲುವಾದದ್ದು ಆಗ ಮಾತ್ರ.

"ನೀವೂ ವಾಸನಿ ನೋಡ್ತೀರೇನ್ರಿ?"

"ಹೊಸಾ ಹಾಳಿ ವಾಸನಿ ಯಾರಿಗೆ ಬ್ಯಾಡಪಾ?"

ಮೊದಲ ಊರಿನಲ್ಲಿ ಇಳಿದವನೇ ಸಂಗಮನಾಥ ತಂಗಿದ ಮನೆಯ ಅಡುಗೆಮನೆಯಿಂದ ಅರಿಶಿನ ಬೇಡಿ ತಂದ. ಮೂಲೆಗೆ ಹಚ್ಚಿದ. ಶ್ರೀಕಾರ ಬರೆದ. ಒಗೆದ ವಸ್ತ್ರದಲ್ಲಿ ಸುತ್ತಿ ಚೀಲದ ತಳಕ್ಕಿಟ್ಟ.

ಊರೂರಿಗೆ ಮಂದಿ ಬಂದರು. ಅತ್ತವರು, ಜಗಳ ತಂದವರು, ಸುಮ್ಮನೆ ಕಾಲು ಮುಟ್ಟಿ ಹೋದವರು. ಅವ್ವಾರು ಒಬ್ಬೊಬ್ಬರಿಗೂ ಒಂದೆರಡು ಮಾತು ಹೇಳುತ್ತಿದ್ದರು. ಸಂಗಮನಾಥ ಅವನ್ನು ಬಸ್ ಟಿಕೇಟಿನ ಹಿಂದೆ, ಲಗ್ನಪತ್ರಿಕೆಯ ಮಗ್ಗುಲಿಗೆ, ಚುರುಮುರಿ ಕಟ್ಟಿದ ಕಾಗದದ ಮೇಲೆ ಗೀಚಿಕೊಳ್ಳುತ್ತಿದ್ದ. ಎಲ್ಲ ಮುಗಿದ ಮೇಲೆ ಒಳ್ಳೆಯದನ್ನು ಆರಿಸಿ ನೋಟ್‌ಬುಕ್ಕಿಗೆ ಏರಿಸುವುದು ಅವನ ಲೆಕ್ಕ.

ಒಂದೊಂದು ಮಾತು ಬಿದ್ದಾಗಲೂ ಅವನು ಮನಸ್ಸಿನಲ್ಲೇ ತೂಗುತ್ತಿದ್ದ. ಚಲೋ ಇದೆ, ಆದರೆ ಮೊದಲ ಹಾಳೆಗೆ ಸಾಲದು. ಇದು ಪರವಾಗಿಲ್ಲ, ಆದರೂ ಇನ್ನಷ್ಟು ಭಾರ ಬೇಕಿತ್ತು. ತೂಗುವುದು ಮುಗಿಯುವುದರೊಳಗೆ ಎದುರಿನವರು ಎದ್ದು ಹೋಗಿ ಬೇರೆಯವರು ಬಂದು ಕುಳಿತಿರುತ್ತಿದ್ದರು.

"ಬರಿಯಾಕತ್ತೀಯೇನು ಅದರಾಗ?" ಎಂದು ಒಂದು ಸಂಜೆ ಅವ್ವಾರು ಕೇಳಿದರು.

"ಇನ್ನೂ ಇಲ್ಲರಿ. ಅದಕ್ಕ ತಕ್ಕ ಮಾತು ಬಂದಿಲ್ಲರಿ."

"ಹೌದೇನು? ಪಾಪ, ನಾನೂ ನನ್ನ ಕೈಲಾದಷ್ಟು ಆಡಾಕತ್ತೀನಿ."

ಸಂಗಮನಾಥ ನಾಲಿಗೆ ಕಚ್ಚಿಕೊಂಡ. ಅವ್ವಾರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ದಿನ ಕಳೆದಂತೆ ಧ್ವನಿ ಇಳಿಯಿತು. ಮೊದಲು ಪಡಸಾಲೆಗೆಲ್ಲ ಕೇಳುತ್ತಿದ್ದದ್ದು ಆಮೇಲೆ ಎದುರು ಕೂತವರಿಗೆ ಮಾತ್ರ ಕೇಳುವಂತಾಯಿತು. ಕೊನೆಯ ಊರಿನಲ್ಲಿ ಅವ್ವಾರು ಹೆಚ್ಚಿನವರಿಗೆ ಕೈ ಹಿಡಿದು ತಲೆದೂಗಿದರು, ಅಷ್ಟೇ.

ಆ ಊರಿನಿಂದ ಆಶ್ರಮದ ದಂಡೆಗೆ ದೋಣಿಯಲ್ಲಿ ಹೋಗಬೇಕು. ದೋಣಿ ಆಚೆ ದಂಡೆಯಲ್ಲಿತ್ತು. ಇಬ್ಬರೂ ಜಾಲಿ ಮರದ ನೆರಳಿಗೆ ಕುಳಿತರು. ಸಂಗಮನಾಥನಿಗೆ ಕೂತರೆ ಏಳಲಾರದಷ್ಟು ದಣಿವು. ಆದರೂ ಜೇಬಿನಿಂದ ಚೀಟಿಗಳನ್ನೆಲ್ಲ ತೆಗೆದು, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಹರಳುಕಲ್ಲು ಇಟ್ಟು ಹರಡಿದ.

"ಅವ್ವಾರ, ಇವತ್ತ ಆರಿಸಿಬಿಡೂಣ್ರಿ. ಮೊದಲಿನ ಹಾಳಿಗೆ ಯಾವ ಮಾತು ಹಾಕಲಿ, ನೀವ ಹೇಳ್ರಿ."

"ಓದು."

ಅವನು ಎಲ್ಲಕ್ಕಿಂತ ಮೆಚ್ಚಿದ್ದನ್ನು ಮೊದಲು ಎತ್ತಿದ. "'ಅದು ನಿಂದಲ್ಲ, ಬಿಡು.' ವೈರಾಗ್ಯದ ಮಾತರಿ ಇದು."

"ಎಲ್ಲಿ ಹೇಳಿದ್ದೆ?"

"ಬಸ್‌ಸ್ಟ್ಯಾಂಡಿನ್ಯಾಗ್ರಿ."

"ನೀನು ಯಾರದೋ ಚೀಲಾ ಹೆಗಲಿಗೆ ಹಾಕ್ಕೊಂಡು ಹೊಂಟಿದ್ದಿ. ನಿನಗ ಹೇಳಿದ್ದು."

ಸಂಗಮನಾಥನ ಮುಖ ಕೆಂಪಾಯಿತು. ಆ ಚೀಟಿ ಬಿಟ್ಟು ಮತ್ತೊಂದು ಹಿಡಿದ. "'ಇನ್ನೊಂದು ತಂಬಿಗಿ ನೀರು ಹಾಕು, ಎಲ್ಲಾ ಸರಿಹೋಗತೈತಿ.' ಇದು ಭಕ್ತಿಗೆ ಹೇಳಿದ್ದಿರಬೇಕಲ್ಲರಿ?"

ಅವ್ವಾರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ಇಳಿದ ಮೇಲೆ ಮೆಲ್ಲಗೆ, "ಸಾರಿಗೆ ಹೇಳಿದ್ದೆ. ಖಾರ ಆಗಿತ್ತು" ಎಂದರು.

ಅವನಿಗೂ ನಗು ಬರಬೇಕಿತ್ತು. ಬರಲಿಲ್ಲ. ಮೂರನೆಯದನ್ನು ಎತ್ತಿದ.

"'ರಾತ್ರಿ ಬಾಗಿಲಾ ತೆರದಿಡು.'"

ಅವ್ವಾರ ನಗು ನಿಂತಿತು. "ಇದು ಯಾರಿಗೆ?"

"ಹಸರು ಸೀರಿ ಉಟ್ಟಿದ್ದ ಹೆಣ್ಣಮಗಳಿಗ್ರಿ."

"ಆಕಿ ಏನು ಕೇಳಿದ್ದಳು?"

ಸಂಗಮನಾಥ ಟಿಕೇಟು ತಿರುವಿ ನೋಡಿದ. ಆ ಮಗ್ಗುಲಿಗೆ ಊರಿನ ಹೆಸರು, ಬಸ್ಸಿನ ನಂಬರು ಇದ್ದವು.

"ಅದು ಬರಕೊಂಡಿಲ್ಲರಿ."

"ಬರಕೊಳ್ಳದಿದ್ದರ ಇರಲಿ. ನೆನಪರ ಐತೇನು?"

ಅವನು ನೆನಪು ಮಾಡಿಕೊಂಡ. ಹಸಿರು ಸೀರೆ ನೆನಪಿತ್ತು. ಅವಳು ಮೂಗು ಒರೆಸಿಕೊಂಡದ್ದು ನೆನಪಿತ್ತು. ಅವಳ ಮಾತು ಒಂದೂ ನೆನಪಾಗಲಿಲ್ಲ. ಆ ಹೊತ್ತಿಗೆ ಅವನು ಅದಕ್ಕಿಂತ ಹಿಂದಿನ ಮಾತನ್ನು ತೂಗುತ್ತ ಕುಳಿತಿದ್ದ.

"ಆಕಿ ಅತ್ತಿದ್ದಳ್ರಿ," ಎಂದ ಕೊನೆಗೆ.

"ಯಾಕ ಅತ್ತಳು?"

ಸಂಗಮನಾಥ ತಲೆ ತಗ್ಗಿಸಿದ. ಮಗನಿಗೋ, ಗಂಡನಿಗೋ, ದನಕ್ಕೋ, ಯಾರಿಗಾಗಿ ಆ ಬಾಗಿಲು ತೆರೆದಿಡಬೇಕಿತ್ತು? ತನ್ನ ಎದುರೇ ಒಬ್ಬ ಹೆಂಗಸು ಎದೆ ಬಿಚ್ಚಿ ಅತ್ತಿದ್ದಳು. ತಾನು ಅಲ್ಲಿ ಇದ್ದೂ ಇರಲಿಲ್ಲ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

"ನೀವರ ಹೇಳ್ರಿ ಅವ್ವಾರ. ಆಕಿ ಏನು ಕೇಳಿದಳು?"

"ಎಷ್ಟು ಮಂದಿ ಬಂದರು, ಎಷ್ಟು ಮಂದಿ ಹೋದರು. ನನಗೂ ನೆನಪಿಲ್ಲಪಾ. ಆಕಿಗೆ ಹೇಳಿದ್ದನ್ನ ಆಕಿ ಒಯ್ದಳು."

ಸಂಗಮನಾಥ ಉಳಿದ ಚೀಟಿಗಳನ್ನು ನೋಡಿದ. ಎಲ್ಲವೂ ಉತ್ತರಗಳೇ. ಯಾವ ಪ್ರಶ್ನೆಗೆ ಎಂದು ಒಂದರ ಮೇಲೂ ಇರಲಿಲ್ಲ. ಅವನು ಹರಳುಗಳನ್ನು ಒಂದೊಂದಾಗಿ ತೆಗೆದ. ಗಾಳಿ ಬಂದು ಚೀಟಿಗಳನ್ನು ನೀರಿನ ಕಡೆಗೆ ಒಯ್ದಿತು. ಎದ್ದು ಹಿಡಿಯಲು ಮೈಯಲ್ಲಿ ಕಸುವಿರಲಿಲ್ಲ, ಹಿಡಿಯುವ ಮನಸ್ಸೂ ಇರಲಿಲ್ಲ.

"ಹಂಗಾರ ನಾನು ಒಯ್ಯೂದೇನ್ರಿ?" ಎಂದ. ಅಳು ಬಂದೇ ಬಂತು. ದೊಡ್ಡ ಗಂಡಸು, ಮಾಸ್ತರನಾಗಿದ್ದವನು, ಮುಚ್ಚಿಕೊಳ್ಳದೆ ಅತ್ತ. "ನಾಳೆ ನಿಮ್ಮ ಧ್ವನಿ ನಿಂತರ ನನ್ನ ಕೈಯಾಗ ಏನೈತ್ರಿ? ಒಂದು ಖಾಲಿ ಪುಸ್ತಕ."

ಅವ್ವಾರು ಅವನನ್ನು ಸಮಾಧಾನ ಮಾಡಲಿಲ್ಲ. ಅಳಲು ಬಿಟ್ಟು ಹೊಳೆ ನೋಡುತ್ತ ಕುಳಿತರು. ಆಚೆ ದಂಡೆಯಲ್ಲಿ ಅಂಬಿಗ ದೋಣಿ ಬಿಚ್ಚುತ್ತಿದ್ದ.

ಅಳು ತಗ್ಗಿದ ಮೇಲೆ ಅವ್ವಾರು ಅವನ ಚೀಲಕ್ಕೆ ಕೈ ಹಾಕಿ ವಸ್ತ್ರದ ಗಂಟು ತೆಗೆದರು. ನೋಟ್‌ಬುಕ್ಕನ್ನು ಬಿಡಿಸಿ ಅವನ ತೊಡೆಯ ಮೇಲೆ ತೆರೆದಿಟ್ಟರು. ಪೆನ್ನಿನ ಟೊಪ್ಪಿಗೆ ತೆಗೆದು ಅವನ ಕೈಗೆ ಕೊಟ್ಟರು.

ಸಂಗಮನಾಥ ಕಣ್ಣು ಒರೆಸಿಕೊಂಡು ನೆಟ್ಟಗೆ ಕುಳಿತ. "ಹೇಳ್ರಿ ಅವ್ವಾರ. ಬರಕೊಳ್ತೀನಿ."

ಅವ್ವಾರು ಇಲ್ಲ ಎಂದು ತಲೆಯಾಡಿಸಿ, ಬೆರಳನ್ನು ಅವನ ಎದೆಗೆ ಊರಿದರು.

"ನಾನೇನ ಬರೀಲಿರಿ?" ಎಂದ ಅವನು, ಅರ್ಧ ಸಿಟ್ಟು ಅರ್ಧ ಸಂಕಟ. "ನನ್ನ ಕಡೆ ಏನೂ ಇಲ್ಲರಿ. ಸಾಕಾಗೇತಿ. ತಲ್ಯಾಗ ಒಂದು ಮಾತೂ ಉಳದಿಲ್ಲ. ನಡದು ನಡದು ಬಲಗಾಲಿನ ಹಿಮ್ಮಡ ಒಡದು ಉರಿಯಾಕತ್ತೈತಿ. ಈಗ ನನಗ ಗೊತ್ತಿರೂದು ಅದೊಂದರಿ."

ಅವ್ವಾರ ತುಟಿ ಅಲುಗಿತು. ಧ್ವನಿ ಇರಲಿಲ್ಲವೆನ್ನುವಷ್ಟು ಸಣ್ಣಗಿತ್ತು. ಸಂಗಮನಾಥ ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದ.

"ಹಿಮ್ಮಡದಿಂದ ಸುರು ಮಾಡು."