ಹಸಿರು ಪಟ್ಟಿಯ ಸೇತುವೆ

ನೀಲವ್ವನಿಗೆ ಒಬ್ಬನೇ ಮಗ, ತಿರಕಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅವಳ ತಲೆನೋವೂ ಅದೇ, ಕೇಳಿ. ಗಂಡ ತೀರಿಕೊಂಡ ಮೇಲೆ ಆತನ ಕೆಲಸ ಮಗನಿಗೆ ಸಿಕ್ಕಿತು, ಹಳ್ಳಕ್ಕೆ ಸೇತುವೆ ಕಟ್ಟಿಸುವ ಕಚೇರಿಯಲ್ಲಿ. ಆದರೆ ಹಂಗಾಮಿ. ಹಂಗಾಮಿ ಎಂದರೆ ಯಾವತ್ತು ಬೇಕಾದರೂ ಮನೆಗೆ ಕಳಿಸಬಹುದು ಎಂದರ್ಥ. ಕಾಯಂ ಆಗಬೇಕಾದರೆ ಆದೇಶದ ಮೇಲೆ ದೊಡ್ಡ ಸಾಹೇಬರ ಸಹಿ ಬೀಳಬೇಕು.

ಆ ವರ್ಷವೇ ಕಚೇರಿಗೆ ಕಂಪ್ಯೂಟರ್ ಬಂತು. ಆ ಸೀಮೆಗೇ ಮೊದಲನೆಯದು. ಸೇತುವೆಯ ಒಂದೊಂದು ಕೆಲಸಕ್ಕೂ ಅದರಲ್ಲಿ ಒಂದೊಂದು ಬಣ್ಣದ ಪಟ್ಟಿ. ಮುಗಿದರೆ ಹಸಿರು, ತಡವಾದರೆ ಕೆಂಪು. ಒಂದು ಮುಗಿಯಿತು ಎಂದು ಬರೆದರೆ ಮುಂದಿನ ಕೆಲಸ ಯಾವುದೆಂದು ಅದೇ ತೋರಿಸುತ್ತದೆ. ಇಷ್ಟು ಗೊತ್ತಿದ್ದರೆ ಸಾಕು. ಅದರಲ್ಲಿ ಬರೆಯುವ ಕೆಲಸ ತಿರಕಪ್ಪನಿಗೆ ಬಿತ್ತು.

ಕಚೇರಿಯ ಚಂದರಗಿ ಸಾಹೇಬರು ಹೇಳಿದರು, "ತಿರಕ್ಯಾ, ಧೂಳ ಬಿದ್ದರ ಇದು ಕೆಡತೈತಿ. ಮ್ಯಾಲಿನ ಹೊದಿಕಿ ತಗೀಬ್ಯಾಡ!"

ತೆಗೆಯಲಿಲ್ಲ. ಎಂಟು ದಿನ ಹೊದಿಕೆಯ ಮೇಲಿಂದಲೇ ಟಪಟಪ ಒತ್ತಿದ. ಏನು ಬರೆದ? ಅವನಿಗೂ ಕಾಣಲಿಲ್ಲ!

"ಹುಚ್ಚಪ್ಯಾಲಿ! ಮುಚ್ಚಿದ್ದನ್ನ ತಗದು, ಒಳಗ ಏನೈತಿ ಕಣ್ಣಾರೆ ನೋಡಿ, ಆಮ್ಯಾಲ ಬರಿ!" ಸಾಹೇಬರು ಬೈದರು.

ಸಂಜೆ ನೀಲವ್ವ ಹಣೆ ಬಡಿದುಕೊಂಡಳು. "ಸಾಹೇಬ್ರು ಹೇಳಿದ್ದು ಕೇಳೋ ನನ್ನಪ್ಪಾ!"

"ಕೇಳಾಕತ್ತೀನಲ್ಲಬೇ!"

ಮರುದಿನ ಗುತ್ತಿಗೆದಾರ ಬಂದು, ಮೂರನೇ ಕಂಬಕ್ಕೆ ಬೆಳಿಗ್ಗೆಯೇ ಕಾಂಕ್ರೀಟು ಹಾಕಿಯಾಯಿತು, ಬರೆದುಕೋ ಎಂದ. ತಿರಕಪ್ಪ ಹೋಗಿ ನೋಡಿದ. ಸುತ್ತ ಹಲಗೆ ಮುಚ್ಚಿದೆ! (ಹಸಿ ಕಾಂಕ್ರೀಟು ಗಟ್ಟಿಯಾಗುವ ತನಕ ಹಲಗೆ ಇರಲೇಬೇಕು.) ಮುಚ್ಚಿದ್ದನ್ನು ತೆಗೆದ. ಕಾಂಕ್ರೀಟು ದಬದಬ ಹಳ್ಳಕ್ಕೆ ಬಿತ್ತು.

"ಒಳಗ ಇತ್ರಿ ಸಾಹೇಬ್ರ, ಕಣ್ಣಾರೆ ನೋಡೀನಿ!"

"ಅಯ್ಯೋ ಮುಠ್ಠಾಳ! ಇನ್ನ ನೀ ನೋಡೂದೂ ಬ್ಯಾಡ, ವಿಚಾರ ಮಾಡೂದೂ ಬ್ಯಾಡ. ಕಂಪ್ಯೂಟರ್ ಏನ ಹೇಳತೈತಿ, ಅಷ್ಟ ಮಾಡು!"

ಸಂಜೆ ನೀಲವ್ವ ಅತ್ತಳು. "ಅಷ್ಟ ಮಾಡೋ! ಸಹಿ ಬೀಳೂತನಕರೆ ಅಷ್ಟ ಮಾಡೋ!"

ಅಷ್ಟರಲ್ಲಿ ದೊಡ್ಡ ಸಾಹೇಬರು ಲೆಕ್ಕ ಕೇಳಿದರು. ಎಷ್ಟು ಕೆಲಸ ಆಗಿದೆ ಎನ್ನುವ ಲೆಕ್ಕ. ಪರದೆ ತುಂಬ ಕೆಂಪು! ಚಂದರಗಿ ಸಾಹೇಬರು ಬೆವತರು. "ತಿರಕ್ಯಾ, ಕೆಂಪ ಇದ್ದದ್ದೆಲ್ಲಾ ಹಸಿರ ಮಾಡಿಬಿಡು!"

ಮಾಡಿದ. ಅಚ್ಚಾದ ಹಾಳೆ ಆಚೆ ದಂಡೆಯ ದೊಡ್ಡ ಕಚೇರಿಗೆ ಹೋಯಿತು. "ಭೇಷ್! ನಾಳೆ ನಾನ ಬರತೀನಿ. ಹುಡುಗನ ಆದೇಶಕ್ಕ ಅಲ್ಲೇ ಸಹಿ ಮಾಡತೀನಿ" ಎಂದು ಉತ್ತರ ಬಂತು. ನೀಲವ್ವ ಸಕ್ಕರೆ ಹಂಚಿದಳು.

ಬೆಳಿಗ್ಗೆ ತಿರಕಪ್ಪ ಪರದೆ ನೋಡಿದ. ಹೊಸ ಸೇತುವೆ ಮುಗಿಯಿತು ಎಂದುಕೊಂಡು ಅದು ಮುಂದಿನ ಕೆಲಸ ತೋರಿಸುತ್ತಿತ್ತು: ಜನ ದಾಟಲು ಹಾಕಿದ್ದ ತಾತ್ಕಾಲಿಕ ಮರದ ಸೇತುವೆ ಕಿತ್ತುಹಾಕುವುದು. ಆಳುಗಳನ್ನು ಕರೆದ, ಕಿತ್ತುಹಾಕಿಸಿದ.

ಆಚೆ ದಂಡೆಗೆ ಜೀಪು ಬಂದು ನಿಂತಿತು. ಹೊಸ ಸೇತುವೆ ಅರ್ಧವೂ ಆಗಿಲ್ಲ, ಮರದ್ದು ಇಲ್ಲವೇ ಇಲ್ಲ. ನಡುವೆ ಬರೀ ನೀರು!

"ಎಲ್ಲೈತ್ರಿ ಸೇತುವಿ?" ದೊಡ್ಡ ಸಾಹೇಬರು ಗುಡುಗಿದರು.

"ಪೂರಾ... ಪೂರಾ ಕಂಪ್ಯೂಟರಿನ್ಯಾಗ ಐತ್ರಿ!" ಚಂದರಗಿ ಸಾಹೇಬರು ತೊದಲಿದರು.

"ಹೌದಾ? ಹಂಗಾರ ಅದನ್ನ ತಂದು ಹಾಕ್ರಿ ಇಲ್ಲಿ, ದಾಟತೀನಿ!"

ತಿರಕಪ್ಪ ಓಡಿದ. ಕಂಪ್ಯೂಟರ್ ತಲೆಯ ಮೇಲೆ ಹೊತ್ತು ತಂದ. ಚಂದರಗಿ ಸಾಹೇಬರು "ಹೋ ಹೋ" ಎನ್ನುವಷ್ಟರಲ್ಲಿ ಹಳ್ಳದ ನಡುವೆ ಧಡಂ ಎಂದು ಹಾಕಿದ. ಆಮೇಲೆ ಆದೇಶದ ಕಾಗದ ಎತ್ತಿ ಹಿಡಿದು ಕೂಗಿದ:

"ಹಾಕೀನ್ರೀ ಸಾಹೇಬ್ರ! ದಾಟಿ ಬಂದು ಸಹಿ ಮಾಡ್ರೀ!"