ಎಣ್ಣೆ ಹಚ್ಚಿದ ಕವಚ

ಹಳೆಯ ಕತ್ತಿ, ಗುರಾಣಿ, ಕವಚ ಯಾವುದೇ ಇರಲಿ, ಅಸಲಿಯೋ ನಕಲಿಯೋ ಎಂದು ಹೇಳಬಲ್ಲವನು ಕೋಟೆಪೇಟೆಯಲ್ಲಿ ಒಬ್ಬನೇ ಇದ್ದ. ಅವನ ಹೆಸರು ಶಾಂತೋಜ. ಅವನು ಹೂಂ ಎಂದರೆ ವಾಡೆಯ ಧಣಿ ಕೈತುಂಬ ಹಣ ಕೊಟ್ಟು ಕೊಳ್ಳುತ್ತಿದ್ದರು. ಅವನು ಬೇಡವೆಂದರೆ ಊರಲ್ಲಿ ಯಾರೂ ಅದನ್ನು ಮೂಸಿಯೂ ನೋಡುತ್ತಿರಲಿಲ್ಲ.

ಶಾಂತೋಜ ದಡ್ಡನಲ್ಲ. ಹಿಂದಿನ ಕಾಲದ ಸರಪಳಿ ಕವಚದಲ್ಲಿ ಒಂದೊಂದು ಬಳೆಗೂ ಸಾಸಿವೆ ಗಾತ್ರದ ಮೊಳೆ ಹೊಡೆದಿರುತ್ತಾರೆ, ನಕಲಿ ಮಾಡುವವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಒಮ್ಮೆ ನಾಟಕ ಕಂಪನಿಯ ಹೊಳೆಯುವ ಕವಚವನ್ನು ಅಸಲಿ ಎಂದು ಹೇಳಿ ಧಣಿಯ ಎದುರು ನಗೆಪಾಟಲಾಗಿದ್ದ. ಅಂದಿನಿಂದ ಹೊಳಪು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ತುಕ್ಕನ್ನು ಮಾತ್ರ ನಂಬುತ್ತಿದ್ದ. ಉಪ್ಪು, ಹುಣಸೆಹುಳಿ ಬಳಿದು ಮಣ್ಣಿನಲ್ಲಿ ಹೂತಿಟ್ಟರೆ ತಿಂಗಳೊಳಗೆ ಬೇಕಾದಷ್ಟು ತುಕ್ಕು ಬರುತ್ತದೆ ಎಂಬುದನ್ನು ಮರೆತೇಬಿಟ್ಟಿದ್ದ.

ಒಂದು ಮಧ್ಯಾಹ್ನ ಮಲಿಯವ್ವ ಎಂಬ ಹೆಂಗಸು ಕಂಬಳಿಯಲ್ಲಿ ಸುತ್ತಿದ ಸರಪಳಿ ಕವಚವನ್ನು ಹೊತ್ತು ತಂದಳು. ಅವಳ ಗಂಡ ಓಬಳೇಶ ಕಲ್ಲಿನ ಗಣಿಯಲ್ಲಿ ಕಾಲು ಜಜ್ಜಿಕೊಂಡು ಆಸ್ಪತ್ರೆ ಸೇರಿದ್ದ. ಎರಡು ದಿನದೊಳಗೆ ದೊಡ್ಡ ಊರಿಗೆ ಕರೆದೊಯ್ದು ಆಪರೇಷನ್ ಮಾಡಿಸಿದರೆ ಕಾಲು ಉಳಿಯುತ್ತದೆ, ಇಲ್ಲವಾದರೆ ಕತ್ತರಿಸಬೇಕು ಎಂದು ಡಾಕ್ಟರು ಹೇಳಿದ್ದರು. ಕೋಟೆ ಕಾಯುತ್ತಿದ್ದ ಹಿರೀಕರ ಆ ಕವಚ ಬಿಟ್ಟರೆ ಮನೆಯಲ್ಲಿ ಮಾರುವಂಥದ್ದು ಬೇರೇನೂ ಇರಲಿಲ್ಲ.

ಶಾಂತೋಜ ಆಗಷ್ಟೇ ಊಟ ಮುಗಿಸಿ ಕುರ್ಚಿಯಲ್ಲಿ ಒರಗಿದ್ದ. ಕನ್ನಡಕ ಒಳಗಿತ್ತು. ಎದ್ದು ಹೋಗಿ ತರಲು ಸೋಮಾರಿತನ.

“ತುಕ್ಕು ಎಲ್ಲಮ್ಮ? ಮುನ್ನೂರು ವರ್ಷದ ಕಬ್ಬಿಣ ಹೀಗೆ ಮಿರಮಿರ ಅನ್ನುತ್ತಾ?” ಎಂದ.

“ವರ್ಷಾ ವರ್ಷಾ ಮಾರ್ನಮಿಗೆ ಹರಳೆಣ್ಣೆ ಹಚ್ಚಿ ಪೂಜೆ ಮಾಡ್ತೀವಿ ಸ್ವಾಮಿ. ನಮ್ಮತ್ತೆ ಹಚ್ಚೋರು, ಅವರತ್ತೆ ಹಚ್ಚೋರು. ತುಕ್ಕು ಎಲ್ಲಿಂದ ಬರ್ಬೇಕು? ಆಸ್ಪತ್ರೇಲಿರೋ ಗಂಡನ ಕಾಲು ಉಳಿಸ್ಬೇಕು, ಒಂದ್ಸಲ ಮುಟ್ಟಿ ನೋಡ್ರಿ.”

“ಮಾರೋಕೆ ಬಂದವರೆಲ್ಲ ಒಂದೊಂದು ಕತೆ ತರ್ತಾರೆ. ಇದು ನಾಟಕದ್ದು. ತಗೊಂಡು ಹೋಗು.”

ಮಲಿಯವ್ವ ವಾಡೆಗೆ ಹೋದಳು. ಶಾಂತೋಜ ಬೇಡವೆಂದ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಬಾಗಿಲೂ ತೆರೆಯಲಿಲ್ಲ. ಕೊನೆಗೆ ಕವಚವನ್ನು ಗುಜರಿ ಅಂಗಡಿಗೆ ತೂಕಕ್ಕೆ ಹಾಕಿದಳು. ಆ ದುಡ್ಡು ಔಷಧಿಗೇ ಸಾಲಲಿಲ್ಲ. ಮೂರನೆಯ ದಿನ ಓಬಳೇಶನ ಕಾಲು ಕತ್ತರಿಸಿದರು.

ಹದಿನೈದು ದಿನದ ಮೇಲೆ ಶಾಂತೋಜ ಹಳೇ ಕಬ್ಬಿಣ ಹುಡುಕುತ್ತ ಅದೇ ಗುಜರಿ ಅಂಗಡಿಗೆ ಹೋದ. ಅಂಗಡಿಯವನು ಗೇಣುದ್ದದ ಸರಪಳಿ ತುಂಡೊಂದನ್ನು ತೋರಿಸಿ ಗೊಣಗಿದ: “ಬಿಚ್ಚೋಕೆ ಹೋಗಿ ನನ್ನ ಉಳಿ ಮುರೀತು. ಒಂದೊಂದು ಬಳೆಗೂ ಮೊಳೆ ಹೊಡ್ದವ್ರೆ. ಉಳಿದಿದ್ದೆಲ್ಲ ಕುಲುಮೆಗೆ ಹೋಯ್ತು.”

ಶಾಂತೋಜ ಅದನ್ನು ಕೈಯಲ್ಲಿ ಹಿಡಿದು ನೋಡಿದ. ಬೆರಳಿಗೆ ಹರಳೆಣ್ಣೆ ಅಂಟಿತು. ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ನೇರ ಆಸ್ಪತ್ರೆಗೆ ಹೋಗಿ ಮಲಿಯವ್ವನನ್ನು ಹೊರಗೆ ಕರೆದ. “ತಾಯಿ, ನಿಮ್ಮ ಕವಚ ಅಸಲಿ. ತಪ್ಪು ನನ್ನದು. ನಿಮ್ಮ ಯಜಮಾನರ ಎದುರು ಒಪ್ಕೊಂಡು ಕಾಲಿಗೆ ಬೀಳ್ತೀನಿ” ಎಂದ.

ಮಲಿಯವ್ವ ಬೈಯಲಿಲ್ಲ. ಬಾಗಿಲಿಗೆ ಅಡ್ಡ ನಿಂತಳು.

“ಬ್ಯಾಡ್ರಿ. ಕವಚ ಸುಳ್ಳು, ಅದಕ್ಕೇ ಕಾಲು ಉಳಿಯೋ ದಾರಿ ಇರ್ಲಿಲ್ಲ ಅಂತ ಅವರು ಹೆಂಗೋ ಸಮಾಧಾನ ಮಾಡ್ಕೊಂಡವ್ರೆ. ಈಗ ಅಸಲಿ ಅಂದ್ರೆ ಅದೂ ಹೋಗ್ತದೆ. ನೀವು ಅವತ್ತು ಹೇಳಿದ್ದೇ ಇರ್ಲಿ ಬಿಡ್ರಿ.”

ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಶಾಂತೋಜ ಹೇಳಬೇಕಾದ ಮಾತನ್ನು ಹೇಳಲಾಗದೆ ಮನೆಗೆ ಮರಳಿದ.

ನೀತಿ: ಒಮ್ಮೆ ಮೋಸಹೋದ ಭಯದಲ್ಲಿ ಎದುರಿಗಿದ್ದವರ ಮಾತನ್ನು ಕೇಳದೆ, ವಸ್ತುವನ್ನು ಮುಟ್ಟಿ ನೋಡದೆ ತೀರ್ಪು ಕೊಡಬಾರದು. ತೀರ್ಪು ಕೊಟ್ಟವನು ಆಮೇಲೆ ತಿದ್ದಿಕೊಳ್ಳಬಹುದು. ಅದರಿಂದ ಕಳೆದುಕೊಂಡವರಿಗೆ ಆ ತಿದ್ದುಪಡಿಯಿಂದ ಏನೂ ಸಿಗುವುದಿಲ್ಲ.